ಯಾರನ್ನು ಕೇಳುವುದು?

ಮದುವೆಮನೆಯ ಪಂಕ್ತಿಯಲ್ಲಿ ಕುಳಿತವರು ರಾಜಕೀಯವನ್ನು ಎತ್ತಕೂಡದೆಂದು ನಮ್ಮ ಹಿರಿಯರು ಎಲ್ಲಿಯೂ ಬರೆದಿಟ್ಟಂತಿಲ್ಲ. ಬರೆದಿಟ್ಟಿದ್ದರೆ ಒಳ್ಳೆಯದಾಗುತ್ತಿತ್ತೆಂದು ಇತ್ತೀಚೆಗೆ ಮೂಡಬಿದಿರೆಯ ಒಂದು ಮದುವೆಯಲ್ಲಿ ನನಗೆ ತೋರಿತು. ಮೆಣಸ್ಕಾಯಿ ಎಲೆಗೆ ಬಿದ್ದಿತ್ತು. ಹೋಳಿಗೆಯವರು ಇನ್ನೂ ಪಂಕ್ತಿಯ ಆಚೆಯ ತುದಿಯಲ್ಲಿದ್ದರು. ನನ್ನ ಎಡಗಡೆಗೆ ವಧುವಿನ ಚಿಕ್ಕಪ್ಪನ ಮಗ, ಎಡಿನ್‌ಬರೋ ನಗರದಲ್ಲಿ ಎರಡು ವರ್ಷ ಓದಿ ಬಂದ ತರುಣ. ಬಲಗಡೆಗೆ ವರನ ಕಡೆಯ ಹಿರಿಯರೊಬ್ಬರು, ಎಂಬತ್ತು ದಾಟಿದವರು. ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನಲ್ಲಿ ಅಡಿಕೆಯ ತೋಟ ಮಾಡಿಕೊಂಡಿರುವವರು. ಇಬ್ಬರ ನಡುವೆ ನಾನು, ಎರಡು ರಾಜ್ಯಗಳ ನಡುವಿನ ಚೆಕ್‌ಪೋಸ್ಟಿನ ಹಾಗೆ.

ಹುಡುಗ ನನ್ನ ಎಲೆಯ ಮೇಲಿಂದಲೇ ಬಾಗಿ ಕೇಳಿದ:

“ಅಜ್ಜ, ನಿಮ್ಮ ಊರನ್ನು ಕೇರಳಕ್ಕೆ ಸೇರಿಸುವಾಗ ನಿಮ್ಮನ್ನು ಯಾರಾದರೂ ಕೇಳಿದ್ದರೇ?”

“ಎಂತ ಕೇಳುವುದು?”

“ಅಲ್ಲಿಗೆ ಹೋಗುತ್ತೀರೋ, ಇಲ್ಲಿಗೆ ಬರುತ್ತೀರೋ ಎಂದು.”

“ಇಲ್ಲ ಮಾರಾಯ. ರಾತ್ರಿ ಮಲಗಿದ ಮನೆಯಲ್ಲಿಯೇ ಬೆಳಗ್ಗೆ ಎದ್ದೆವು. ರಾಜ್ಯ ಮಾತ್ರ ಬೇರೆಯಾಗಿತ್ತು.”

ಅಷ್ಟರಲ್ಲಿ ಹೋಳಿಗೆ ಬಂದಿತು. ಕಾಯಿಹಾಲು ಸುರಿಯುವಷ್ಟು ಹೊತ್ತು ಪ್ರಶ್ನೆ ನಿಂತಿತು, ಮುಗಿಯಲಿಲ್ಲ. ಊಟವಾದ ಮೇಲೆ ಹಿರಿಯರನ್ನು ಅವರ ಮನೆಯವರೆಗೆ ಕಾರಿನಲ್ಲಿ ಬಿಟ್ಟುಬರುವ ಕೆಲಸ ಅದೇ ಹುಡುಗನ ಪಾಲಿಗೆ ಬಂದಿತು. ಬಂಟ್ವಾಳದವರೆಗೆಂದು ಹತ್ತಿದ ನಾನು ಮಾತಿನ ಆಸೆಗೆ ಕೊನೆಯವರೆಗೂ ಹೋದೆ. ಬೆಳ್ತಂಗಡಿಯಲ್ಲಿ ಇಳಿಯುವ ಒಬ್ಬ ಅತ್ತೆಯವರೂ ಜೊತೆಗಿದ್ದುದರಿಂದ ಕಾರು ನೆಟ್ಟಗಿನ ದಾರಿ ಬಿಟ್ಟು ವೇಣೂರು, ಗುರುವಾಯನಕೆರೆಗಳ ಮೂಲಕ ಸುತ್ತಿಕೊಂಡು ಹೊರಟಿತು. ಈ ವಾರದ ಪುಟ ಆ ಸುತ್ತುದಾರಿಯದು.

ಹುಡುಗನಿಗೆ ಎಡಿನ್‌ಬರೋದಲ್ಲಿ ಹಿಡಿದ ಹುಚ್ಚು ಜನಮತಗಣನೆಯದು. ಸ್ಕಾಟ್ಲೆಂಡಿನವರು ಸ್ವತಂತ್ರ ದೇಶವಾಗಬೇಕೇ ಬೇಡವೇ ಎಂದು ೨೦೧೪ರ ಸೆಪ್ಟೆಂಬರ್ ೧೮ರಂದು ಮತ ಹಾಕಿದರು. ಅದನ್ನು ನಡೆಸಲು ಲಂಡನ್ನಿನ ಕೇಂದ್ರ ಸರಕಾರವೇ ೨೦೧೨ರ ಅಕ್ಟೋಬರದಲ್ಲಿ ಒಪ್ಪಂದಕ್ಕೆ ಸಹಿ ಹಾಕಿತ್ತು. ಹದಿನಾರು ತುಂಬಿದ ಹುಡುಗ ಹುಡುಗಿಯರಿಗೂ ಮತ. ನೂರಕ್ಕೆ ಸುಮಾರು ೮೫ ಮಂದಿ ಬಂದು ಮತ ಹಾಕಿದರು. ೫೫ ಪಾಲು ‘ಬೇಡ’ ಎಂದಿತು. ಗುಂಡು ಹಾರಲಿಲ್ಲ, ಯಾರೂ ಸೆರೆಮನೆಗೆ ಹೋಗಲಿಲ್ಲ. ಹುಡುಗ ಇದನ್ನು ಹೇಳುವಾಗ, ತಾನೇ ಪೆಟ್ಟಿಗೆ ಕಾಯಲು ನಿಂತಿದ್ದವನ ಹಾಗೆ ಹೆಮ್ಮೆಪಡುತ್ತಿದ್ದ.

ನನಗೆ ಆ ಕಥೆಯಲ್ಲಿ ರುಚಿಸಿದ್ದು ಬೇರೆಯೇ ಒಂದು ಸಣ್ಣ ಸಂಗತಿ. ಮೊದಲು ಸಿದ್ಧವಾದ ಪ್ರಶ್ನೆ, ‘ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕೆಂಬುದನ್ನು ನೀವು ಒಪ್ಪುತ್ತೀರಾ?’ ಎಂಬ ಧಾಟಿಯಲ್ಲಿತ್ತು. ಚುನಾವಣಾ ಆಯೋಗದವರು ‘ಒಪ್ಪುತ್ತೀರಾ’ ಎಂಬುದನ್ನು ತೆಗೆಸಿಹಾಕಿದರು. ಒಪ್ಪುತ್ತೀರಾ ಎಂದು ಕೇಳಿದರೆ ಮರ್ಯಾದಸ್ಥನಾದ ಮನುಷ್ಯ ಹೂಂ ಎನ್ನುವುದೇ ಹೆಚ್ಚು. ಮದುವೆಮನೆಯಲ್ಲಿ ಹೋಳಿಗೆ ಹಿಡಿದವರಿಗೆ ಇದು ಚೆನ್ನಾಗಿ ಗೊತ್ತು, ‘ಬೇಕೇ?’ ಎಂದು ಕೇಳುವುದಿಲ್ಲ, ‘ಇನ್ನೊಂದು ಹಾಕಲೇ?’ ಎನ್ನುತ್ತಾರೆ.

ಆದರೆ ಲಂಡನ್ನಿನ ಆ ಔದಾರ್ಯವೂ ಒಂದೇ ಸಲದ್ದು. ಸ್ಕಾಟರು ಎರಡನೆಯ ಬಾರಿ ಕೇಳಹೊರಟಾಗ ಕೇಂದ್ರ ಒಪ್ಪಲಿಲ್ಲ. ಲಂಡನ್ನಿನ ಒಪ್ಪಿಗೆಯಿಲ್ಲದೆ ಅಂಥ ಮತದಾನ ನಡೆಸುವ ಅಧಿಕಾರ ಸ್ಕಾಟ್ಲೆಂಡಿನ ಸಂಸತ್ತಿಗೆ ಇಲ್ಲವೆಂದು ೨೦೨೨ರ ನವೆಂಬರದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸ್ಪೇನಿನಲ್ಲಂತೂ ಒಂದು ಸಲವೂ ಬಾಗಿಲು ತೆರೆಯಲಿಲ್ಲ. ೨೦೧೭ರ ಅಕ್ಟೋಬರ್ ೧ರಂದು ಕ್ಯಾಟಲೋನಿಯದವರು ನ್ಯಾಯಾಲಯದ ತಡೆಯನ್ನು ಮೀರಿ ಮತದಾನಕ್ಕೆ ಕುಳಿತಾಗ ಮ್ಯಾಡ್ರಿಡ್ ಪೊಲೀಸರನ್ನು ಕಳುಹಿಸಿತು. ಆ ತಿಂಗಳ ಕೊನೆಗೆ ಪ್ರಾಂತದ ಸರಕಾರವನ್ನೇ ವಜಾಮಾಡಿತು. ಮುಖಂಡರಲ್ಲಿ ಒಬ್ಬರು ಬೆಲ್ಜಿಯಮ್ಮಿಗೆ ಓಡಿದರು, ಒಂಬತ್ತು ಮಂದಿ ೨೦೧೯ರಲ್ಲಿ ದೀರ್ಘ ಸೆರೆವಾಸಕ್ಕೆ ಗುರಿಯಾದರು. ಎರಡು ವರ್ಷಗಳ ಬಳಿಕ ಅದೇ ಮ್ಯಾಡ್ರಿಡ್ ಅವರಿಗೆ ಕ್ಷಮೆಯನ್ನೂ ಕೊಟ್ಟಿತು.

“ನಮ್ಮ ದೇಶದಲ್ಲಿ ಯಾರೂ ಹೀಗೆ ಮತ ಹಾಕಿ ನೋಡಲಿಲ್ಲವೇ?” ಎಂದ ಹುಡುಗ.

ನೋಡಿದ್ದುಂಟು. ೧೯೫೧ರ ಮೇ ೧೬ರಿಂದ ನಾಗಾ ನ್ಯಾಷನಲ್ ಕೌನ್ಸಿಲಿನವರು, ಫಿಜೋ ಅವರ ಮುಂದಾಳುತನದಲ್ಲಿ, ಬೆಟ್ಟದ ಹಳ್ಳಿ ಹಳ್ಳಿಗೂ ಹೋಗಿ ಹೆಬ್ಬೆಟ್ಟಿನ ಗುರುತು ಒತ್ತಿಸಿಕೊಂಡು ಬಂದರು. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸ್ವತಂತ್ರ ನಾಗಾನಾಡಿಗೆ ಒಪ್ಪಿದ್ದಾರೆಂದು ಸಾರಿದರು. ದಿಲ್ಲಿ ಆ ಎಣಿಕೆಯನ್ನು ಎಣಿಕೆಯೆಂದೇ ಗಣಿಸಲಿಲ್ಲ. ಮರುವರ್ಷದ ಮಹಾಚುನಾವಣೆಯನ್ನು ನಾಗಾ ಜನ ಬಹಿಷ್ಕರಿಸಿದರು. ೧೯೫೩ರಲ್ಲಿ ಪ್ರಧಾನಿ ನೆಹರೂ ಅವರು ಬರ್ಮಾದ ಪ್ರಧಾನಿ ಊ ನು ಅವರೊಡನೆ ಕೊಹಿಮಾಕ್ಕೆ ಹೋದಾಗ, ತಮ್ಮ ಮನವಿಯನ್ನು ಒಪ್ಪಿಸಲು ಅವಕಾಶ ಸಿಗಲಿಲ್ಲವೆಂದು ನೆರೆದ ಜನ ಸಭೆಯಿಂದಲೇ ಎದ್ದು ನಡೆದರು. ಆ ಬಳಿಕ ಬಂದೂಕು, ಸೈನ್ಯ, ೧೯೫೮ರ ವಿಶೇಷಾಧಿಕಾರದ ಕಾನೂನು. ಅದರೊಟ್ಟಿಗೇ ಇನ್ನೊಂದು ಕೈಯಲ್ಲಿ ಸಂಧಾನ, ೧೯೬೦ರ ಹದಿನಾರು ಅಂಶಗಳ ಒಪ್ಪಂದ, ೧೯೬೩ರ ಡಿಸೆಂಬರ್ ೧ರಂದು ನಾಗಾಲ್ಯಾಂಡ್ ರಾಜ್ಯ. ದೇಶ ಬಿಟ್ಟು ಹೋಗುತ್ತೇವೆಂದವರಿಗೆ ದಿಲ್ಲಿ ಅಂದಿನಿಂದ ಇಂದಿನವರೆಗೆ ಕೊಟ್ಟ ಉತ್ತರದ ಅಚ್ಚು ಬಹುಮಟ್ಟಿಗೆ ಇದೇ: ಹೊರಗೆ ಹೋಗುವ ಮಾತಿಲ್ಲ, ಒಳಗೆ ಬೇಕಾದಷ್ಟು ಕೋಣೆಗಳಿವೆ, ಮಾತಾಡೋಣ. ೧೯೬೩ರಲ್ಲಿಯೇ ಸಂವಿಧಾನಕ್ಕೆ ಹದಿನಾರನೆಯ ತಿದ್ದುಪಡಿ ಬಂದು, ಚುನಾವಣೆಗೆ ನಿಲ್ಲುವವರು ದೇಶದ ಅಖಂಡತೆಯನ್ನು ಎತ್ತಿಹಿಡಿಯುವ ಪ್ರತಿಜ್ಞೆ ಮಾಡಬೇಕೆಂದಾಯಿತು. ದ್ರಾವಿಡನಾಡಿನ ಕೂಗು ಮದರಾಸಿನಲ್ಲಿ ಆ ವರ್ಷ ತಣ್ಣಗಾಯಿತು.

ವೇಣೂರಿನ ಗೊಮ್ಮಟನ ಹತ್ತಿರ ಅತ್ತೆಯವರು ಕೈಮುಗಿದರು. ೧೬೦೪ರಲ್ಲಿ ಅಜಿಲರು ನಿಲ್ಲಿಸಿದ ವಿಗ್ರಹವದು. ಅಲ್ಲಿಂದೀಚೆಗೆ ಇಕ್ಕೇರಿಯ ನಾಯಕರು, ಹೈದರ್, ಟಿಪ್ಪು, ಕಂಪೆನಿ, ಮಹಾರಾಣಿ, ಮದರಾಸು ಸರಕಾರ, ಮೈಸೂರು, ಕರ್ನಾಟಕ ಎಂದು ಎಷ್ಟು ಆಳ್ವಿಕೆ ಕಂಡಿದ್ದಾನೋ ಆತ! ಊರು ಒಂದರ ಕೈಯಿಂದ ಮತ್ತೊಂದರ ಕೈಗೆ ಹೋಗುವಾಗ ಊರವರನ್ನು ಕೇಳಿದ ದಾಖಲೆ ಇಲ್ಲ. ಬೆಳ್ತಂಗಡಿಯಲ್ಲಿ ಅತ್ತೆಯವರನ್ನು ಇಳಿಸಿ ಹಿಂದಿರುಗುವಾಗ ಜಮಲಾಬಾದಿನ ಬಂಡೆ ಕಂಡಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ವರ್ಷವೇ ಆ ಕೋಟೆಯೂ ಕಂಪೆನಿಯ ವಶವಾಯಿತು. ಅಂದಿನ ಕಾಲಕ್ಕೆ ಕೇಳುವುದೆಂದರೆ ಫಿರಂಗಿಯಿಂದ ಕೇಳುವುದು.

ಆದರೂ ಕಂಪೆನಿಯವರು ಒಮ್ಮೆ ‘ಜನರನ್ನು ಕೇಳಿದೆವು’ ಎಂದು ಹೇಳಿಕೊಂಡದ್ದುಂಟು. ಅದರ ಲೆಕ್ಕ ಬಂಟ್ವಾಳದಲ್ಲಿ ಚುಕ್ತವಾಯಿತು. ಈ ಕಥೆಗೆ ಸ್ವಲ್ಪ ಹೊತ್ತು ಕೊಡಬೇಕು.

೧೮೩೪ರ ಏಪ್ರಿಲ್‌ನಲ್ಲಿ ಕಂಪೆನಿಯ ಸೈನ್ಯ ಕೊಡಗಿನ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿತು. ಮೇ ೭ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಕೊಡಗನ್ನು ಕಂಪೆನಿಯ ಆಳ್ವಿಕೆಗೆ ಸೇರಿಸಿಕೊಂಡದ್ದು ಅಲ್ಲಿಯ ನಿವಾಸಿಗಳ ಏಕಕಂಠದ ಇಚ್ಛೆಯಂತೆ ಎಂದು ಬರೆಯಲಾಗಿತ್ತು. ಏಕಕಂಠ! ಮಡಿಕೇರಿಯಲ್ಲಿ ಮುಖಂಡರನ್ನು ಕರೆಸಿ ವಿಚಾರಿಸಿದ್ದುಂಟು. ಸುತ್ತ ಕಂಪೆನಿಯ ಸಿಪಾಯಿಗಳಿರುವಾಗ ಮುಖಂಡರು ಬೇರೆ ಯಾವ ಕಂಠದಲ್ಲಿ ಮಾತನಾಡಿಯಾರು? ಆದರೆ ಆ ರಾಜ್ಯಕ್ಕೆ ಘಟ್ಟದ ಕೆಳಗೂ ಒಂದು ಪಾಲಿತ್ತು. ಅಮರಸುಳ್ಯ ಮತ್ತು ಪುತ್ತೂರಿನ ಮಾಗಣೆಗಳು. ಕೊಡಗು ಕೈಗೆ ಬಂದ ಕೂಡಲೇ ಕಂಪೆನಿ ಅವನ್ನು ಕತ್ತರಿಸಿ ಕನ್ನಡ ಜಿಲ್ಲೆಗೆ ಸೇರಿಸಿತು. ಆ ರೈತರನ್ನು ಮಡಿಕೇರಿಗೆ ಕರೆದವರಿಲ್ಲ. ರಾಜರ ಕಾಲದಲ್ಲಿ ಅವರು ಕಂದಾಯವನ್ನು ಬೆಳೆಯ ರೂಪದಲ್ಲಿಯೇ ಅಳೆದುಕೊಡುತ್ತಿದ್ದರು. ಈಗ ನಗದು ನಾಣ್ಯ ಎಣಿಸಬೇಕಾಯಿತು. ನಾಣ್ಯ ಬೇಕಾದರೆ ಬತ್ತವನ್ನು ಕೊಯ್ಲಿನ ಹೊತ್ತಿನ ಅಗ್ಗದ ಬೆಲೆಗೆ ಮಾರಬೇಕು, ಸಾಲದಿದ್ದರೆ ಸಾಲ ಮಾಡಬೇಕು. ನೂರಾರು ವರ್ಷಗಳ ನಂತರ ಪುಸ್ತಕದಲ್ಲಿ ‘ಆಡಳಿತ ಸುಧಾರಣೆ’ ಎಂದು ಒಂದು ಸಾಲಾಗಿ ಕಾಣುವುದು ರೈತನ ಜಗಲಿಯಲ್ಲಿ ಹೀಗಿರುತ್ತದೆ.

ಮೂರು ವರ್ಷ ತಾಳಿದರು. ೧೮೩೭ರ ಮಾರ್ಚ್ ಕೊನೆಗೆ ಸುಳ್ಯದ ಸೀಮೆಯಲ್ಲಿ ದಂಗೆ ಎದ್ದಿತು. ಹಾಲೇರಿ ವಂಶದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿ, ಅಂದರೆ ಆ ಹೆಸರು ಹೊತ್ತ ಪುಟ್ಟಬಸಪ್ಪ, ಮುಂದೆ. ಕೆದಂಬಾಡಿ ರಾಮಯ್ಯ ಗೌಡರಂಥವರು ಜೊತೆಗೆ. ಬೆಳ್ಳಾರೆಯ ಖಜಾನೆ ಕೈಸೇರಿತು. ಪುತ್ತೂರು ದಾಟಿ ದಂಡು ಬಂಟ್ವಾಳದ ದಾರಿ ಹಿಡಿಯಿತು. ಬಂಟ್ವಾಳದ ಸಮೀಪದ ನಂದಾವರದಿಂದ ಲಕ್ಷ್ಮಪ್ಪ ಬಂಗರಸ ಕೂಡಿಕೊಂಡ. ಏಪ್ರಿಲ್ ೫ರಂದು ಮಂಗಳೂರಿನ ಗುಡ್ಡದ ಮೇಲೆ ಬಾವುಟ ಏರಿತು. ಅದು ಇಂದಿಗೂ ಬಾವುಟಗುಡ್ಡ. ಸುಮಾರು ಎರಡು ವಾರ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಕಂಪೆನಿ ಸರಕಾರ ಇರಲಿಲ್ಲ. ಆಮೇಲೆ ತಲಚೇರಿ, ಕಣ್ಣಾನೂರುಗಳ ಕಡೆಯಿಂದ ಸೈನ್ಯ ಬಂದಿತು. ಕಲ್ಯಾಣಸ್ವಾಮಿಯನ್ನೂ ಬಂಗರಸನನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಘಟ್ಟದ ಮೇಲೆ ಕಂಪೆನಿಯ ಪರ ನಿಂತ ಕೊಡಗಿನ ಮುಖಂಡರಿಗೆ ಬಂಗಾರ, ಬೆಳ್ಳಿಯ ಪದಕಗಳು ಸಿಕ್ಕವು.

ಕಾರು ನೇತ್ರಾವತಿಯ ದಂಡೆಗೆ ಬಂದಾಗ ನಾನು ಈ ಕಥೆಯನ್ನೆಲ್ಲ ಹೇಳಿ ಮುಗಿಸಿದ್ದೆ. ಮೂಡಬಿದಿರೆಯ ಪಾಯಸಕ್ಕೆ ಹಿರಿಯರಿಗೆ ತೂಕಡಿಕೆ ಬಂದಿರಬಹುದೆಂದುಕೊಂಡಿದ್ದೆ. ಬಂದಿರಲಿಲ್ಲ.

“ಅಂದರೆ ಮೇಲಿನವರನ್ನು ಕೇಳಿದರು, ಕೆಳಗಿನವರನ್ನು ಬಿಟ್ಟರು. ಹಾಗೆಯೇ ಅಲ್ಲವಾ?” ಎಂದರು. ಆಮೇಲೆ ತಮ್ಮದೇ ಕಥೆ ತೆಗೆದರು.

ಅದನ್ನು ಅವರ ಮಾತಿನಲ್ಲಿಯೇ ಬರೆಯಲು ನನ್ನಿಂದಾಗದು; ಕಾಗದಪತ್ರಗಳ ಮಾತಿನಲ್ಲಿ ಹೇಳುತ್ತೇನೆ. ದಕ್ಷಿಣ ಕನ್ನಡ ಜಿಲ್ಲೆ ೧೯೫೬ರವರೆಗೆ ಮದರಾಸಿಗೆ ಸೇರಿತ್ತು. ಮೂಡಬಿದಿರೆ, ಬೆಳ್ತಂಗಡಿ, ಬಂಟ್ವಾಳ, ಕಾಸರಗೋಡು ಎಲ್ಲಕ್ಕೂ ಒಂದೇ ಕಲೆಕ್ಟರ್ ಕಚೇರಿ, ಮಂಗಳೂರಿನಲ್ಲಿ. ೧೯೫೩ರ ಡಿಸೆಂಬರದಲ್ಲಿ ಕೇಂದ್ರ ಸರಕಾರ ರಾಜ್ಯಗಳ ಪುನರ್ವಿಂಗಡಣೆಗೆ ಆಯೋಗವನ್ನು ನೇಮಿಸಿತು. ಫಜಲ್ ಅಲಿ ಅಧ್ಯಕ್ಷರು; ಹೃದಯನಾಥ ಕುಂಜ್ರೂ ಮತ್ತು ಕೆ. ಎಂ. ಪಣಿಕ್ಕರ್ ಸದಸ್ಯರು. ಆಯೋಗ ಸುಮ್ಮನೆ ಕುಳಿತಿತೆನ್ನುವಂತಿಲ್ಲ. ೩೮,೦೦೦ ಮೈಲಿ ತಿರುಗಿತು, ೧೦೪ ಊರುಗಳಿಗೆ ಹೋಯಿತು, ೯,೦೦೦ಕ್ಕೂ ಹೆಚ್ಚು ಮಂದಿಯೊಡನೆ ಮಾತನಾಡಿತು. ಬಂದ ಮನವಿ, ಕಾಗದಗಳ ಸಂಖ್ಯೆ ಒಂದೂವರೆ ಲಕ್ಷ ಮೀರಿತು. ಕೇಳಿದ್ದುಂಟು ಎಂದರೆ ಉಂಟು. ಆದರೆ ಮನವಿ ಕೊಡುವುದು ಬೇರೆ, ಮತ ಕೊಡುವುದು ಬೇರೆ. ಮನವಿಯನ್ನು ಓದಬಹುದು, ಬಿಡಬಹುದು, ಮತವನ್ನು ಎಣಿಸಲೇಬೇಕು.

೧೯೫೫ರ ಸೆಪ್ಟೆಂಬರ್ ೩೦ರಂದು ವರದಿ ಬಂದಿತು: ದಕ್ಷಿಣ ಕನ್ನಡ ಕನ್ನಡ ರಾಜ್ಯಕ್ಕೆ, ಕಾಸರಗೋಡು ತಾಲೂಕು ಕೇರಳಕ್ಕೆ. ಪಣಿಕ್ಕರ್ ಅವರು ಕೇರಳದವರೆಂಬುದನ್ನು ಗಡಿನಾಡಿನಲ್ಲಿ ಇಂದಿಗೂ ನೆನಪಿಸುವವರಿದ್ದಾರೆ. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ಸುಲಭ. ಆ ವರದಿಗೆ ಸಹಿ ಹಾಕಿದವರು ಮೂವರು, ಅದನ್ನು ಕಾನೂನು ಮಾಡಿದ್ದು ಸಂಸತ್ತು. ಸಂವಿಧಾನದ ಮೂರನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ಬದಲಾಯಿಸುವ ಅಧಿಕಾರ ಸಂಸತ್ತಿಗೆ ಉಂಟು; ಸಂಬಂಧಪಟ್ಟ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಅದನ್ನು ಒಪ್ಪಬೇಕೆಂದೂ ಇಲ್ಲ. ಕಾಸರಗೋಡಿನ ಮಟ್ಟಿಗೆ ಆ ಶಾಸನಸಭೆ ಇದ್ದದ್ದು ಮದರಾಸಿನಲ್ಲಿ. ಊರಿನ ಜನರ ಮತವೆಂಬುದಕ್ಕೆ ಆ ವಿಧಿಯಲ್ಲಿ ಜಾಗವೇ ಇಲ್ಲ. ೧೯೫೬ರ ನವೆಂಬರ್ ೧ ಬಂದಿತು. ಇತ್ತ ಬಂಟ್ವಾಳ ಮೈಸೂರು ರಾಜ್ಯವಾಯಿತು, ಅತ್ತ ಪೆರ್ಲ ಕೇರಳವಾಯಿತು. ನಮ್ಮದೇ ಜಿಲ್ಲೆಗೆ ಸೇರಿದ್ದ ಅಮೀನ್‌ದಿವಿ ದ್ವೀಪಗಳನ್ನು ಅದೇ ದಿನ ಲಕ್ಷದ್ವೀಪದ ಜೊತೆಗೆ ಕೇಂದ್ರಾಡಳಿತಕ್ಕೆ ಸೇರಿಸಿದರು. ಆ ದ್ವೀಪದವರ ಬಗೆಗೆ ಮಂಗಳೂರಿನಲ್ಲಿ ಯಾರೂ ಸಭೆ ಮಾಡಿದಂತೆ ಕಾಣೆ.

ಕೇಳಲಿಲ್ಲವೆಂದ ಮಾತ್ರಕ್ಕೆ ಜನ ಉತ್ತರ ಕೊಡದೆ ಇರಲಿಲ್ಲ. ೧೯೫೭ರಲ್ಲಿ ಕೇರಳದ ಮೊದಲ ಶಾಸನಸಭೆಗೆ ಚುನಾವಣೆ ನಡೆದಾಗ ಮಂಜೇಶ್ವರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ೧೯೬೦ರಿಂದ ಅದೇ ಕ್ಷೇತ್ರದಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ವಿಲೀನದ ಬೇಡಿಕೆಯನ್ನೇ ಮುಂದಿಟ್ಟು ಮತ್ತೆ ಮತ್ತೆ ಗೆದ್ದರು. ೧೯೬೭ರಲ್ಲಿ ಕಾಸರಗೋಡು ಕ್ಷೇತ್ರವೂ ಪಕ್ಷೇತರರಾದ ಯು. ಪಿ. ಕುಣಿಕುಳ್ಳಾಯರ ಪಾಲಾಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ೨೦೧೫ರಲ್ಲಿ ತೀರಿಕೊಳ್ಳುವವರೆಗೂ ಆ ಒಂದು ಮಾತನ್ನು ಬಿಡಲಿಲ್ಲ. ದಿಲ್ಲಿ ಕೇಳದ ಪ್ರಶ್ನೆಗೆ ಜನ ತಿರುವನಂತಪುರದ ಮತಪೆಟ್ಟಿಗೆಯಲ್ಲಿ ಉತ್ತರ ಹಾಕಿದ ಹಾಗಿತ್ತು ಅದು. ತೊಂದರೆಯೆಂದರೆ, ಬೇರೆ ಪ್ರಶ್ನೆಗೆಂದು ಇಟ್ಟ ಪೆಟ್ಟಿಗೆಯಲ್ಲಿ ಹಾಕಿದ ಉತ್ತರಕ್ಕೆ ದಿಲ್ಲಿ ಹೊಣೆಯಲ್ಲ.

ಆದರೂ ಪೂರ್ತಿ ಕಿವುಡಾಗಿರಲಿಲ್ಲವೆನ್ನಿ. ಬೆಳಗಾವಿಯ ಗಲಾಟೆ ಜೋರಾದಾಗ ಕೇಂದ್ರ ೧೯೬೬ರ ಅಕ್ಟೋಬರದಲ್ಲಿ ಇನ್ನೊಂದು ಆಯೋಗ ಮಾಡಿತು. ಅದರ ಏಕೈಕ ಸದಸ್ಯರು ಮೆಹರ್‌ಚಂದ್ ಮಹಾಜನ್, ನಿವೃತ್ತ ಮುಖ್ಯ ನ್ಯಾಯಾಧೀಶರು. ಕಾಶ್ಮೀರ ಭಾರತಕ್ಕೆ ಸೇರಿದ ೧೯೪೭ರ ಅಕ್ಟೋಬರದಲ್ಲಿ ಅಲ್ಲಿಯ ಪ್ರಧಾನಿಯಾಗಿದ್ದವರು ಇವರೇ. ನಡೆಯುತ್ತದೆಂದು ಹೇಳಿ ನಡೆಯದೆ ಉಳಿದ ಜನಮತಗಣನೆಯೊಂದರ ತಲೆನೋವನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ. ೧೯೬೭ರ ಆಗಸ್ಟ್‌ನಲ್ಲಿ ಅವರು ವರದಿ ಕೊಟ್ಟರು: ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕು, ಬೆಳಗಾವಿ ಮೈಸೂರಿನಲ್ಲಿಯೇ ಉಳಿಯಬೇಕು. ಕೇರಳ ಒಪ್ಪಲಿಲ್ಲ, ಮಹಾರಾಷ್ಟ್ರ ಒಪ್ಪಲಿಲ್ಲ. ದಿಲ್ಲಿ ವರದಿಯನ್ನು ಜಾರಿಮಾಡಲೂ ಇಲ್ಲ, ತಿರಸ್ಕರಿಸಲೂ ಇಲ್ಲ.

ಇಲ್ಲಿ ಹುಡುಗ ಸಿಟ್ಟಾದ. “ಇಷ್ಟೆಲ್ಲ ಆಯೋಗದ ಬದಲು ಒಂದು ದಿನ ಮತ ಹಾಕಿಸಿದ್ದರೆ ಆಗುತ್ತಿರಲಿಲ್ಲವೇ? ದಿಲ್ಲಿಗೆ ಮತದಾನ ಎಂದರೇನೆಂದೇ ಗೊತ್ತಿರಲಿಲ್ಲವೇ?”

ಗೊತ್ತಿತ್ತು, ಚೆನ್ನಾಗಿಯೇ. ಜುನಾಗಢವನ್ನು ಸೇರಿಸಿಕೊಂಡ ಮೇಲೆ ೧೯೪೮ರ ಫೆಬ್ರುವರಿ ೨೦ರಂದು ಅಲ್ಲಿಯ ಜನರ ಮತ ಕೇಳಿದರು. ಭಾರತಕ್ಕೆ ೧,೯೦,೭೭೯, ಪಾಕಿಸ್ತಾನಕ್ಕೆ ೯೧. ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆ ಅದು. ಉತ್ತರ ಗೊತ್ತಿಲ್ಲದೆ ಕೇಳಿದ ಪ್ರಶ್ನೆಯೂ ಒಂದುಂಟು, ಅದೂ ನಮ್ಮ ಕರಾವಳಿಯಲ್ಲಿಯೇ. ೧೯೬೭ರ ಜನವರಿ ೧೬ರಂದು, ಅಂದರೆ ಮಹಾಜನರು ಗಡಿಯ ಕಾಗದಗಳನ್ನು ನೋಡುತ್ತಿದ್ದ ದಿನಗಳಲ್ಲೇ, ಗೋವೆಯವರು ಮತ ಹಾಕಿದರು. ಮಹಾರಾಷ್ಟ್ರಕ್ಕೆ ಸೇರುವವರಿಗೆ ಹೂವಿನ ಗುರುತು, ಕೇಂದ್ರಾಡಳಿತದಲ್ಲಿ ಬೇರೆಯಾಗಿಯೇ ಉಳಿಯುವವರಿಗೆ ಎರಡು ಎಲೆಯ ಗುರುತು. ಅಧಿಕಾರದಲ್ಲಿದ್ದ ಬಾಂದೋಡಕರರ ಪಕ್ಷ ವಿಲೀನದ ಪಕ್ಷ. ಮತದಾನ ನಿಷ್ಪಕ್ಷಪಾತವಾಗಿರಲೆಂದು ಅವರ ಮಂತ್ರಿಮಂಡಲ ಮೊದಲೇ ರಾಜೀನಾಮೆ ಕೊಟ್ಟಿತು. ಎಲೆಗೆ ೧,೭೨,೧೯೧, ಹೂವಿಗೆ ೧,೩೮,೧೭೦. ಗೋವೆಯಿಂದ ಶತಮಾನಗಳ ಹಿಂದೆ ಬಂದು ಬಂಟ್ವಾಳ, ಮೂಡಬಿದಿರೆಯ ಪೇಟೆಗಳಲ್ಲಿ ನೆಲೆಸಿದ ಕೊಂಕಣಿ ಮನೆತನಗಳೆಷ್ಟೋ ಇವೆ. ತಮ್ಮ ಭಾಷೆಯ ಭವಿಷ್ಯವೂ ಆ ಪೆಟ್ಟಿಗೆಯಲ್ಲಿತ್ತೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ.

ಅದಾದ ಎರಡು ತಿಂಗಳಿಗೆ ಸಾಮಾನ್ಯ ಚುನಾವಣೆ. ವಿಲೀನ ಬೇಡವೆಂದ ಅದೇ ಗೋವೆ ವಿಲೀನದ ಪಕ್ಷವನ್ನೇ ಮತ್ತೆ ಅಧಿಕಾರಕ್ಕೆ ಕಳುಹಿಸಿತು! ಮಂಜೇಶ್ವರದ ಗೆಲುವುಗಳನ್ನು ಜನಮತಗಣನೆಯೆಂದು ಎಣಿಸುವ ನನ್ನಂಥವರು ಇದನ್ನು ನೆನಪಿನಲ್ಲಿಡಬೇಕು. ಅಷ್ಟೇ ಅಲ್ಲ, ಮಂಜೇಶ್ವರವೂ ೧೯೭೦ರಲ್ಲಿ ಕಮ್ಯೂನಿಸ್ಟ್ ಪಕ್ಷದ ಎಂ. ರಾಮಪ್ಪನವರನ್ನು ಆರಿಸಿತು. ಗೋವೆಯಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ‘ನಮಗೆ ನಮ್ಮದೇ ರಾಜ್ಯ ಬೇಕು’ ಎನ್ನುವವರಿಗೆ ಚೀಟಿಯಲ್ಲಿ ಗುರುತೇ ಇರಲಿಲ್ಲ. ಅದಕ್ಕೆ ೧೯೮೭ರ ಮೇ ೩೦ರವರೆಗೆ ಕಾಯಬೇಕಾಯಿತು. ಎರಡು ಬಾಗಿಲು ತೋರಿಸಿ ಯಾವುದು ಬೇಕೆಂದು ಕೇಳುವವರು, ಮೂರನೆಯ ಬಾಗಿಲು ಇದೆಯೆಂದು ಹೇಳಬೇಕಾಗಿಲ್ಲ.

“ಗೋವೆಯನ್ನು ಕೇಳಿದವರು ಕಾಸರಗೋಡನ್ನೂ ಕೇಳಬಹುದಿತ್ತು,” ಎಂದ ಹುಡುಗ. ಕಾರು ಆಗ ವಿಟ್ಲವನ್ನು ದಾಟಿತ್ತು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

“ಕೇಳಬಹುದಿತ್ತು. ಯಾರನ್ನು?”

“ಅಲ್ಲಿಯ ಜನರನ್ನು.”

“ಅಲ್ಲಿ ಎಂದರೆ ಎಲ್ಲಿ? ಇಡೀ ತಾಲೂಕನ್ನು ಕೇಳಿದ್ದರೆ ನಾವು ಸೋಲುತ್ತಿದ್ದೆವು. ಹೊಳೆಯ ತೆಂಕಣದವರು ಮಲಯಾಳದವರು, ಅವರೇ ಹೆಚ್ಚು. ಹೊಳೆಯ ಈಚೆ ಮಾತ್ರ ಕೇಳಿದ್ದರೆ ಗೆಲ್ಲುತ್ತಿದ್ದೆವೋ ಏನೋ. ಇಡೀ ದಕ್ಷಿಣ ಕನ್ನಡವನ್ನು ಕೇಳಿದ್ದರೆ ನಿಮ್ಮ ಬೆಳ್ತಂಗಡಿ, ಮೂಡಬಿದಿರೆಯವರೆಲ್ಲ ಸೇರಿ ನಮ್ಮನ್ನು ಗೆಲ್ಲಿಸುತ್ತಿದ್ದರು. ಆಗ ತೆಂಕಣದವರು ಕೇಳುತ್ತಿದ್ದರು, ನಮ್ಮ ಊರಿನ ವಿಷಯಕ್ಕೆ ಮೂಡಬಿದಿರೆಯವರ ಮತ ಎಂತಕ್ಕೆ ಎಂದು. ಗೆರೆ ಎಳೆದವನೇ ಗೆದ್ದ, ಮಾರಾಯ. ಮತ ಹಾಕುವುದು ಆಮೇಲೆ.”

ಹುಡುಗ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನನಗೂ ಬೆಳಗಾವಿ ನೆನಪಾಯಿತು. ಅಲ್ಲಿ ಮಹಾರಾಷ್ಟ್ರದವರು ಹಳ್ಳಿ ಹಳ್ಳಿಯನ್ನೂ ಒಂದು ಘಟಕವಾಗಿ ಎಣಿಸಿರಿ, ಜನರ ಇಚ್ಛೆಯನ್ನು ನೋಡಿರಿ ಎಂದು ವಾದಿಸುತ್ತ ಬಂದಿದ್ದಾರೆ. ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೂ ಹೋದರು. ನಾವು, ಇಲ್ಲ, ಮಹಾಜನ ವರದಿಯೇ ಅಂತಿಮ ಎನ್ನುತ್ತೇವೆ. ಚಂದ್ರಗಿರಿಯ ದಂಡೆಯಲ್ಲಿ ಜನರನ್ನು ಕೇಳಿ ಎಂದವರು ನಾವು, ಬೆಳಗಾವಿಯಲ್ಲಿ ಕಾಗದವನ್ನು ನೋಡಿ ಎಂದವರೂ ನಾವೇ. ಇದನ್ನು ಬರೆದದ್ದಕ್ಕೆ ಬೆಳಗಾವಿಯ ವಾಚಕರು ನನ್ನ ಮೇಲೆ ಕೋಪಿಸಿಕೊಳ್ಳಬಹುದು. ಎರಡು ಕಡೆಯೂ ನಮ್ಮ ವಾದಕ್ಕೆ ಆಧಾರಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಎರಡು ಕಡೆ ಎರಡು ಅಳತೆಗೋಲು ಹಿಡಿದಿದ್ದೇವೆಂದಷ್ಟೇ ಹೇಳುತ್ತಿದ್ದೇನೆ. ದಿಲ್ಲಿಯ ಕೈಯಲ್ಲಿಯೂ ಅಂಥ ಅಳತೆಗೋಲುಗಳ ಕಟ್ಟೇ ಇದೆ. ಕೆನಡಾದವರು ಮಾತ್ರ ಇದನ್ನು ಬಾಯಿಬಿಟ್ಟು ಹೇಳಿದರು. ೧೯೯೫ರಲ್ಲಿ ಕ್ವಿಬೆಕ್ ಪ್ರಾಂತ ನೂರಕ್ಕೆ ಒಂದೇ ಒಂದು ಪಾಲಿನ ಅಂತರದಲ್ಲಿ ಕೆನಡಾದಲ್ಲಿ ಉಳಿದ ಮೇಲೆ, ಪ್ರಶ್ನೆ ಸ್ಪಷ್ಟವಾಗಿದೆಯೇ, ಬಹುಮತ ಸಾಕಷ್ಟಿದೆಯೇ ಎಂಬುದನ್ನು ಕೇಂದ್ರದ ಸಂಸತ್ತೇ ನಿರ್ಣಯಿಸಬೇಕೆಂದು ೨೦೦೦ದಲ್ಲಿ ಕಾನೂನು ಮಾಡಿಕೊಂಡರು.

ಅಷ್ಟಾದರೂ ಹುಡುಗನ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಸೋಲುವ ಮತಕ್ಕೂ ಒಂದು ಬೆಲೆಯುಂಟು. ೧೯೫೬ರಲ್ಲಿ ಕೇ‍ಳಿ ಸೋತಿದ್ದರೆ ಪೆರ್ಲದವರು ನೆರೆಯವರಿಗೆ ಸೋತೆವೆಂದುಕೊಳ್ಳುತ್ತಿದ್ದರು. ಕೇಳದೆ ಕಳುಹಿಸಿದ್ದರಿಂದ, ಕಾಣದ ಯಾರೋ ತಮ್ಮನ್ನು ಕೊಟ್ಟುಬಿಟ್ಟರೆಂದುಕೊಂಡರು. ಎಪ್ಪತ್ತು ವರ್ಷ ಆಗುತ್ತ ಬಂದರೂ ಆ ಹಿರಿಯರ ದನಿಯಲ್ಲಿ ನಾನು ಕೇಳಿದ್ದು ಮಲಯಾಳದ ಮೇಲಿನ ದ್ವೇಷವನ್ನಲ್ಲ. ಅವರ ಸೊಸೆಯೊಬ್ಬರ ಮನೆಮಾತು ಮಲಯಾಳವಂತೆ. ಅಡಿಕೆ ಕೊಳ್ಳುವವರೊಡನೆ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾರಂತೆ.

ಅಡ್ಯನಡ್ಕ ಬಂದಿತು. ಅಲ್ಲಿಂದ ಸ್ವಲ್ಪ ಮುಂದೆ ಬಂಟ್ವಾಳ ತಾಲೂಕು ಮುಗಿಯುತ್ತದೆ, ಕರ್ನಾಟಕವೂ ಮುಗಿಯುತ್ತದೆ. ಅಡಿಕೆಯ ತೋಟಗಳಿಗೆ ಅದು ತಿಳಿದಿರುವಂತೆ ಕಾಣುವುದಿಲ್ಲ. ಗೆರೆಯ ಎರಡು ಕಡೆಯೂ ಒಂದೇ ಮಣ್ಣು, ಒಂದೇ ಕೊಳೆರೋಗ. ಅಂಗಡಿಗಳ ಬೋರ್ಡಿನಲ್ಲಿ ಅಕ್ಷರ ಬದಲಾದಾಗ ರಾಜ್ಯ ಬದಲಾಯಿತೆಂದು ಗೊತ್ತು ಮಾಡಿಕೊಳ್ಳಬೇಕು.

“ಈಗ ಕೇಳಿದರೆ ಯಾವುದಕ್ಕೆ ಮತ ಹಾಕುತ್ತೀರಿ, ಅಜ್ಜ?” ಹುಡುಗ ಕೊನೆಗೂ ಬಿಡಲಿಲ್ಲ.

“ಕೇಳಬೇಕಾದಾಗ ನನಗೆ ಹದಿಮೂರು ವರ್ಷ. ನನ್ನ ಅಪ್ಪನನ್ನು ಕೇಳಬೇಕಿತ್ತು, ಅವರು ಹೋಗಿ ಆಯಿತು. ಈಗ ನನ್ನನ್ನು ಕೇಳಿ ಏನು? ಮೊಮ್ಮಗಳು ತಿರುವನಂತಪುರದಲ್ಲಿ ಕೆಲಸದಲ್ಲಿದ್ದಾಳೆ.” ಸ್ವಲ್ಪ ತಡೆದು ಹೇಳಿದರು, “ನಮ್ಮ ಕಡೆಯ ಕನ್ನಡ ಶಾಲೆಗಳಿಗೆ ಕನ್ನಡ ಗೊತ್ತಿಲ್ಲದ ಮೇಷ್ಟರನ್ನು ಹಾಕುತ್ತಾರೆ, ಮಕ್ಕಳು ಬಾಯಿ ನೋಡಿಕೊಂಡು ಕೂರುತ್ತವೆ. ಯಾರಾದರೂ ಕೇಳಲಿಕ್ಕೆ ಬಂದರೆ ನಾನು ಮೊದಲು ಅದನ್ನು ಹೇಳುವುದು.”

ಗಡಿ ದಾಟಿ ಪೆರ್ಲದ ಕಡೆಗೆ ಒಂದಷ್ಟು ದೂರ ಹೋದ ಮೇಲೆ ತೋಟದ ಗೇಟಿನ ಹತ್ತಿರ ಅವರು ಇಳಿದರು. ಚಹಾ ಕುಡಿಯದೆ ಹೋಗಕೂಡದೆಂದು ಒತ್ತಾಯ. ಕತ್ತಲಾಗುತ್ತದೆಂದು ನಾವು ತಪ್ಪಿಸಿಕೊಂಡೆವು. ಹುಡುಗ ಕಾರು ತಿರುಗಿಸುವಷ್ಟರಲ್ಲಿ ಹಿರಿಯರು ಮತ್ತೆ ಗೇಟಿನಿಂದ ಹೊರಗೆ ಬಂದು ಕೈ ಬೀಸಿ ನಿಲ್ಲಿಸಿದರು. ಮೂಡಬಿದಿರೆಯಿಂದ ತಂದ ಹೋಳಿಗೆಯ ಕಟ್ಟು ಹಿಂದಿನ ಸೀಟಿನಲ್ಲಿಯೇ ಉಳಿದಿತ್ತು.